ಮಾಕಳಿ ಬೇರಿನ ಜಾಡು ಹಿಡಿದು

ಹಳೆ ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಮಾಕಳಿ ಬೇರಿನ ಉಪ್ಪಿನಕಾಯಿಯಷ್ಟು ಭಿನ್ನಾಭಿಪ್ರಾಯಕ್ಕೆ ಎಡೆಮಾಡಿದ ಪದಾರ್ಥ ಇನ್ನೊಂದು ಇರಲಾರದು. ಭರಣಿಯ ಮುಚ್ಚಳ ತೆಗೆದೊಡನೆ ಹೊಮ್ಮುವ ಗಂಧಕ್ಕೆ ಕೆಲವರು ಎರಡು ತುತ್ತು ಮೊಸರನ್ನ ಹೆಚ್ಚಿಗೆ ಉಣ್ಣುತ್ತಾರೆ. ಇನ್ನು ಕೆಲವರು ‘ತಿಗಣೆ ಹೊಸಕಿದ ವಾಸನೆ’ ಎಂದು ಮೂಗು ಮುಚ್ಚಿಕೊಂಡು ಪಂಕ್ತಿಯಿಂದಲೇ ಎದ್ದುಬಿಡುತ್ತಾರೆ. ಆದರೆ ಮೆಚ್ಚುವವರೂ ಮೆಚ್ಚದವರೂ ಒಪ್ಪುವ ಮಾತು ಒಂದಿದೆ. ಅದು ಸುಲಭವಾಗಿ ಕೆಡುವುದಿಲ್ಲ. ಬೇರಿನ ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರನ್ನು ತೆಗೆದು, ಸಣ್ಣಗೆ ಹೆಚ್ಚಿ, ಉಪ್ಪು, ಮೆಣಸಿನಪುಡಿ, ಸಾಸಿವೆ, ಅರಿಶಿನದ ಜೊತೆಗೆ ಮೊಸರಿನಲ್ಲೋ ನಿಂಬೆರಸದಲ್ಲೋ ನೆನೆಹಾಕಿದರೆ ತಿಂಗಳುಗಟ್ಟಲೆ ಬಾಳಿಕೆ ಬರುತ್ತದೆ. ಉಪ್ಪು ಹುಳಿಗಳ ಪಾಲೂ ಇದರಲ್ಲಿ ಇದೆ, ನಿಜ. ಆದರೆ ಮನೆಯ ಹಿರಿಯ ಹೆಂಗಸರು ‘ಬೇರಿಗೇ ಆ ಗುಣ ಇದೆ’ ಎಂದು ಹೇಳುತ್ತಿದ್ದರು. ಆ ಮಾತನ್ನು ಪ್ರಯೋಗಾಲಯ ಪರೀಕ್ಷಿಸಿ ನೋಡಿದ್ದು ತೀರ ಈಚೆಗೆ.

ಈ ಬೇರು ಬರುವುದು ಎಲ್ಲಿಂದ? ಯಳಂದೂರು ತಾಲ್ಲೂಕಿನ ಹೊನ್ನೂರಿನ ಬಯಲಿನಲ್ಲಿ ನಿಂತು ಆಗ್ನೇಯಕ್ಕೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ಎದ್ದು ಕಾಣುತ್ತದೆ. ಆ ಸಾಲಿನ ಆಚೆಗೆ ಹನೂರು ಸೀಮೆಯ ಒಣ ಗುಡ್ಡಗಳು, ಅದರಾಚೆ ಮಲೆ ಮಹದೇಶ್ವರನ ಏಳು ಮಲೆಗಳು. ಈ ಇಡೀ ಪ್ರದೇಶದ ಒಣ, ಕಲ್ಲುನೆಲದ ಇಳಿಜಾರುಗಳಲ್ಲಿ ಬಂಡೆಗಳ ಸಂದಿಗೆ ಬೇರಿಳಿಸಿ ಪೊದೆಯಂತೆ ಹಬ್ಬುವ ಹಾಲುಬಳ್ಳಿಯೇ ಮಾಕಳಿ. ಕೆಲವೆಡೆ ಮಾಗಳಿ, ಮಾಗಾಣಿ ಎಂದೂ ಕರೆಯುವುದುಂಟು. ಕರ್ನಾಟಕ, ಆಂಧ್ರ, ತಮಿಳುನಾಡು ಮೊದಲಾದ ದಕ್ಷಿಣದ ರಾಜ್ಯಗಳ ಕಾಡುಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಸ್ವಾಭಾವಿಕವಾಗಿ ಬೆಳೆಯುವುದಿಲ್ಲ. ಬೆಟ್ಟದ ಸೋಲಿಗರು ಅಗೆದು ತಂದದ್ದು ಬಯಲಿನ ಸಂತೆಗೆ ಬರಬೇಕು, ಸಂತೆಯಿಂದ ಭರಣಿಗೆ ಸೇರಬೇಕು. ಬೆಟ್ಟಕ್ಕೂ ಬಯಲಿಗೂ ಇದ್ದ ಹಳೆಯ ನಂಟುಗಳಲ್ಲಿ ಇದೂ ಒಂದು.

ಪಾಶ್ಚಾತ್ಯ ಸಸ್ಯಶಾಸ್ತ್ರ ಇದನ್ನು ಗುರುತಿಸಿದ್ದು 1834ರಲ್ಲಿ. ಮದ್ರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ರಾಬರ್ಟ್ ವೈಟ್ ಮತ್ತು ಅವನ ಸ್ನೇಹಿತ ವಾಕರ್ ಆರ್ನಟ್ ಸೇರಿ ‘ಡೆಕಾಲೆಪಿಸ್ ಹ್ಯಾಮಿಲ್ಟೋನೈ’ ಎಂಬ ಹೆಸರನ್ನಿಟ್ಟರು. ವೈಟ್ ಮುಂದೆ ಅನೇಕ ವರ್ಷ ಕೊಯಮತ್ತೂರಿನಲ್ಲಿದ್ದು ಹತ್ತಿ ಬೇಸಾಯದ ಪ್ರಯೋಗಗಳನ್ನು ನಡೆಸಿದ. ಆಗ ಕೊಳ್ಳೇಗಾಲ ಅದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಹೆಸರಿಟ್ಟದ್ದಾಯಿತು, ಒಣಗಿಸಿದ ರೆಂಬೆ ಕಾಗದಕ್ಕೆ ಅಂಟಿತು. ಬೇರಿನೊಳಗೆ ಏನಿದೆ ಎಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಆ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ್ದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿ ಸಿ.ಎಫ್.ಟಿ.ಆರ್.ಐ. 1990ರ ದಶಕದಿಂದ ಮುಂದೆ ಅಲ್ಲಿನ ವಿಜ್ಞಾನಿಗಳು ಈ ಬೇರನ್ನು ಒಂದಲ್ಲ ಒಂದು ದೃಷ್ಟಿಯಿಂದ ಪರೀಕ್ಷಿಸುತ್ತ ಬಂದರು. ಮೊದಲು ಅವರ ಕೈಗೆ ಸಿಕ್ಕಿದ್ದು ಮೂಗನ್ನು ಅರಳಿಸುವ ಅಥವಾ ಮುಚ್ಚಿಸುವ ಆ ಗಂಧದ ಗುಟ್ಟು. ಬೇರನ್ನು ಆವಿಯಲ್ಲಿ ಭಟ್ಟಿಯಿಳಿಸಿದಾಗ ದೊರಕುವ ಪರಿಮಳದ ಎಣ್ಣೆಯಲ್ಲಿ ನೂರಕ್ಕೆ ಸುಮಾರು 96 ಪಾಲು ಒಂದೇ ವಸ್ತು. ಅದರ ಉದ್ದನೆಯ ರಾಸಾಯನಿಕ ಹೆಸರು ನಮಗೆ ಬೇಡ. ತಿಳಿಯಬೇಕಾದ್ದು ಇಷ್ಟೆ: ಅದು ಐಸ್‌ಕ್ರೀಮಿಗೆ ಹಾಕುವ ವೆನಿಲಾದ ಸಾರವಾದ ವೆನಿಲಿನ್ನಿನ ದಾಯಾದಿ. ಎರಡರಲ್ಲೂ ಇರುವ ಪರಮಾಣುಗಳು ಅವೇ, ಅಷ್ಟೇ. ಜೋಡಣೆಯಲ್ಲಿ ಮಾತ್ರ ವ್ಯತ್ಯಾಸ. ಒಂದೇ ಇಟ್ಟಿಗೆಗಳಿಂದ ಕಟ್ಟಿದ ಎರಡು ಮನೆಗಳಲ್ಲಿ ಬಾಗಿಲಿನ ದಿಕ್ಕು ಬೇರೆಯಾದಂತೆ. ಒಂದು ವಿದೇಶಿ ಮಿಠಾಯಿಯ ಘಮ, ಇನ್ನೊಂದು ತಿಗಣೆಯ ವಾಸನೆ!

ಸೂಕ್ಷ್ಮಜೀವಿಗಳ ಪರೀಕ್ಷೆ ನೋಡಲು ಸರಳ. ಗಾಜಿನ ಬಿಲ್ಲೆಯಲ್ಲಿ ಲೋಳೆಯಂಥ ಆಹಾರವನ್ನು ಹರಡಿ ಬ್ಯಾಕ್ಟೀರಿಯಾವನ್ನು ಬಿತ್ತುತ್ತಾರೆ. ನಡುವೆ ಬೇರಿನ ಸಾರದಲ್ಲಿ ಅದ್ದಿದ ಕಾಗದದ ಚೂರನ್ನು ಇಡುತ್ತಾರೆ. ಮರುದಿನ ಬಿಲ್ಲೆಯ ತುಂಬ ಬ್ಯಾಕ್ಟೀರಿಯಾ ಮಂಜಿನಂತೆ ಮುಸುಕಿರುತ್ತದೆ. ಸಾರಕ್ಕೆ ಕಸುವಿದ್ದರೆ ಕಾಗದದ ಸುತ್ತ ಮಾತ್ರ ಬರಿದಾದ ಒಂದು ವೃತ್ತ ಉಳಿಯುತ್ತದೆ. ಮಾಕಳಿಯ ಸಾರಗಳು ಆಹಾರವನ್ನು ಕೆಡಿಸುವ ಮತ್ತು ಹೊಟ್ಟೆಗೆ ತೊಂದರೆ ಕೊಡುವ ಹಲವು ಬ್ಯಾಕ್ಟೀರಿಯಾಗಳ ನಡುವೆ ಇಂಥ ವೃತ್ತಗಳನ್ನು ಬರೆದವು. ಸಂಗ್ರಹಿಸಿಟ್ಟ ಧಾನ್ಯಕ್ಕೆ ಹುಳು ಬೀಳದಂತೆ ಈ ಬೇರು ತಡೆಯುತ್ತದೆಂದು 1999ರಲ್ಲಿ ಇದೇ ಸಂಸ್ಥೆಯ ಇನ್ನೊಂದು ತಂಡ ತೋರಿಸಿತು. ಭರಣಿಯ ಬಾಳಿಕೆಗೆ ಹಿರಿಯರು ಕೊಟ್ಟಿದ್ದ ವಿವರಣೆ ಹೀಗೆ ಬಹುಮಟ್ಟಿಗೆ ಸರಿ ಎಂದಾಯಿತು.

ಇನ್ನು ಈಗ ಎಲ್ಲರ ನಾಲಗೆಯ ಮೇಲಿರುವ ‘ಆಂಟಿಆಕ್ಸಿಡೆಂಟ್’ ಎಂಬ ಪದ. ಬಹಳ ದಿನ ಇಟ್ಟ ಕಡಲೆಕಾಯಿ ಎಣ್ಣೆ ಕಮಟುವುದನ್ನು ಎಲ್ಲರೂ ಬಲ್ಲರು. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವುದೂ ಗೊತ್ತು. ಎರಡೂ ಆಮ್ಲಜನಕದ ಆಟ. ಈ ಆಟದಲ್ಲಿ ಜೊತೆಗಾರನನ್ನು ಕಳೆದುಕೊಂಡ ಎಲೆಕ್ಟ್ರಾನು ಹೊತ್ತ ಕಣಗಳು ಹುಟ್ಟಿ, ಪಕ್ಕದ ಕಣದಿಂದ ಒಂದನ್ನು ಕಸಿದು ಸಮಾಧಾನಗೊಳ್ಳುತ್ತವೆ. ಕಳೆದುಕೊಂಡ ಕಣ ಇನ್ನೊಂದರ ಮೇಲೆ ಬೀಳುತ್ತದೆ. ಹೀಗೆ ಸರಪಳಿ ಬೆಳೆಯುತ್ತ ಹೋಗುತ್ತದೆ. ತನ್ನ ಪಾಲಿನಿಂದ ಒಂದನ್ನು ಕೊಟ್ಟು, ತಾನು ಕೆರಳದೆ ಉಳಿದು, ಸರಪಳಿಯನ್ನು ಅಲ್ಲಿಗೇ ಕಡಿಯುವ ವಸ್ತುವೇ ಆಂಟಿಆಕ್ಸಿಡೆಂಟ್. ನೇರಳೆ ಬಣ್ಣದ ಒಂದು ದ್ರಾವಣಕ್ಕೆ ಸಾರವನ್ನು ಹನಿಸಿ, ಬಣ್ಣ ಎಷ್ಟು ಬೇಗ ಹಳದಿಗೆ ತಿರುಗುತ್ತದೆ ಎಂದು ಅಳೆಯುವುದು ಇದರ ಒಂದು ಸಾಮಾನ್ಯ ಪರೀಕ್ಷೆ. ಸಿ.ಎಫ್.ಟಿ.ಆರ್.ಐ.ಯ ಟಿ. ಶಿವಾನಂದಪ್ಪ ಮತ್ತು ಸಂಗಡಿಗರು ಮಾಕಳಿ ಬೇರನ್ನು ಈ ಬಗೆಯ ಪರೀಕ್ಷೆಗಳಿಗೆ ಒಡ್ಡಿ, ಅದು ಬಲವಾದ ಆಂಟಿಆಕ್ಸಿಡೆಂಟ್ ಎಂದು 2006ರಲ್ಲಿ ಪ್ರಕಟಿಸಿದರು. ಮರುವರ್ಷ ಅದೇ ಸಂಸ್ಥೆಯ ಬೇರೊಂದು ತಂಡ, ಬೇರಿನಿಂದ ಬೇರ್ಪಡಿಸಿದ ಒಂದು ಅಂಶ ಇಲಿಗಳಲ್ಲಿ ಜಠರದ ಹುಣ್ಣನ್ನು ತಡೆಯುತ್ತದೆಂದು ವರದಿ ಮಾಡಿತು. ಹಸಿವೆಗೆ, ಅಜೀರ್ಣಕ್ಕೆ ಮಾಕಳಿ ಒಳ್ಳೆಯದು ಎಂಬ ಮನೆಮಾತು ನೆನಪಾಗದೆ ಇರದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾಜಿನ ಬಿಲ್ಲೆಯಲ್ಲಿ ನಡೆದದ್ದೆಲ್ಲ ಮನುಷ್ಯನ ದೇಹದಲ್ಲಿ ನಡೆಯಬೇಕೆಂದೇನೂ ಇಲ್ಲ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಮಂದಿ ಧೂಮಪಾನಿ ಗಂಡಸರನ್ನು ಸೇರಿಸಿಕೊಂಡು, ಆಂಟಿಆಕ್ಸಿಡೆಂಟ್ ಆದ ಬೀಟಾ ಕ್ಯಾರೊಟೀನ್ ಮಾತ್ರೆ ಶ್ವಾಸಕೋಶದ ಕ್ಯಾನ್ಸರನ್ನು ತಡೆಯುವುದೇ ಎಂದು ನೋಡಿದರು. 1994ರಲ್ಲಿ ಫಲಿತಾಂಶ ಹೊರಬಿದ್ದಾಗ ಎಲ್ಲರೂ ಬೆಚ್ಚಿದರು. ಮಾತ್ರೆ ನುಂಗಿದವರಲ್ಲಿ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು! ಯಾವ ತಿನಿಸಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಎಂದು ಅಂಕಿ ಕೊಡುತ್ತಿದ್ದ ತನ್ನ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಮಾರಾಟಗಾರರು ಆ ಅಂಕಿಗಳನ್ನು ದುರುಪಯೋಗ ಮಾಡುತ್ತಿದ್ದುದು ಅದಕ್ಕೊಂದು ಕಾರಣ. ಆದ್ದರಿಂದ ಮಾಕಳಿ ಬೇರು ಕ್ಯಾನ್ಸರಿಗೆ ಮದ್ದು, ಸಕ್ಕರೆ ಕಾಯಿಲೆಗೆ ಮದ್ದು ಎಂದು ಸೀಸೆಗೆ ಚೀಟಿ ಅಂಟಿಸಿ ಮಾರುವವರನ್ನು ನಂಬಬೇಕಾದ್ದಿಲ್ಲ. ಸೋಲಿಗರೂ ಅದನ್ನು ಹಾಗೆ ಬಳಸಿದವರಲ್ಲ.

ಸೋಲಿಗರ ಕಾಡಿನಲ್ಲಿ ಮಾಕಳಿಗಿಂತ ದೊಡ್ಡ ಹೆಸರು ನೆಲ್ಲಿಯದು. ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕಕ್ಕೆ ನೆಲ್ಲಿಯ ರೆಂಬೆ ನೆಟ್ಟು ಪೂಜಿಸುವ ಬಯಲಿನ ಮನೆಗಳಿಗೆ ಆ ರೆಂಬೆ ಬರುವುದೂ ಕಾಡಂಚಿನಿಂದಲೇ. ಬಿಳಿಗಿರಿಯಲ್ಲಿ ನೆಲ್ಲಿಯ ಎರಡು ಪ್ರಭೇದಗಳಿವೆ, ಒಂದು ದೇಶದಾದ್ಯಂತ ಕಾಣುವ ಬೆಟ್ಟದ ನೆಲ್ಲಿ, ಇನ್ನೊಂದು ದಕ್ಷಿಣದ ಒಣ ಕಾಡುಗಳಿಗಷ್ಟೇ ಸೀಮಿತವಾದದ್ದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ರಸಾಯನ ಪ್ರಕರಣದಿಂದ. ಅಲ್ಲಿ ನೆಲ್ಲಿಗೆ ಅಗ್ರಪಟ್ಟ. ನೆಲ್ಲಿ, ತಾರೆ, ಅಳಲೆ ಸೇರಿದರೆ ತ್ರಿಫಲ. ಈ ತ್ರಿಫಲ ಸಮುದ್ರ ದಾಟಿ ತಾಯ್ಲೆಂಡಿನ ಸಾಂಪ್ರದಾಯಿಕ ವೈದ್ಯದಲ್ಲೂ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ನೆಲೆಗೊಂಡಿದೆ. ಅಲ್ಲಿನವರು ‘ಮಖಾಮ್ ಪೋಮ್’ ಎಂದು ಕರೆದು ಕೆಮ್ಮಿಗೆ ಕೊಡುವ ಕಾಯಿ ನಮ್ಮ ಬೆಟ್ಟದ ನೆಲ್ಲಿಯೇ. ನೆಲ್ಲಿಯಲ್ಲಿ ಸಿ ಜೀವಸತ್ವ ಹೇರಳ. ಆದರೆ ಅದರ ಕಸುವೆಲ್ಲ ಜೀವಸತ್ವದ್ದಲ್ಲ. ನಾಲಗೆಯನ್ನು ಹಿಡಿಯುವ ಒಗರಿನದೂ ಹೌದು. ಆ ಒಗರು ಟ್ಯಾನಿನ್ನುಗಳದ್ದು. ಕಾಯಿ ಒಣಗಿ ನೆಲ್ಲಿಚೆಟ್ಟಾದ ಮೇಲೂ ಅವು ಬಹಳಮಟ್ಟಿಗೆ ಉಳಿಯುತ್ತವೆ. ಅಳಲೆಕಾಯಿಯ ಟ್ಯಾನಿನ್ ಚರ್ಮ ಹದಮಾಡಲು ಬೇಕಾಗಿದ್ದರಿಂದ ಬ್ರಿಟಿಷರ ಕಾಲದಲ್ಲಿ ದಕ್ಷಿಣದ ಕಾಡುಗಳಿಂದ ಅದು ಹಡಗುಗಟ್ಟಲೆ ಹೋಯಿತು. ಮನುಷ್ಯನ ಹೊಟ್ಟೆಗೆ ಹೋಗುತ್ತಿದ್ದ ಕಾಯಿ ಎತ್ತಿನ ತೊಗಲಿಗೆ ಹೋಯಿತೆನ್ನಬಹುದು.

ಹಡಗಿನ ಮಾತು ಬಂದಾಗ ಕಾಡಿನ ಒಡೆತನದ ಮಾತೂ ಬರುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಾಗಿ ಮದ್ರಾಸಿಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಒಂದೇ ಬೆಟ್ಟದ ಸಾಲು, ಎರಡು ಸರ್ಕಾರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬರುವವರೆಗೂ ಹೀಗೆಯೇ. ಮದ್ರಾಸಿನ ಕಡೆ 1882ರ ಅರಣ್ಯ ಕಾಯ್ದೆ ಬಂತು. ಮೈಸೂರಿನ ಕಡೆಯೂ ಅದೇ ಬಗೆಯ ಕಟ್ಟಳೆಗಳು ಬಂದವು. ತೇಗ, ಬೀಟೆ, ಹೊನ್ನೆ ಮುಖ್ಯ ಉತ್ಪನ್ನಗಳಾದವು. ಜೇನು, ನೆಲ್ಲಿ, ಅಳಲೆ, ಮಾಕಳಿ ಬೇರು ‘ಕಿರು ಅರಣ್ಯ ಉತ್ಪನ್ನ’ಗಳಾದವು. ಯಾರ ಲೆಕ್ಕದಲ್ಲಿ ಕಿರಿದು ಎಂಬುದನ್ನು ಯಾರೂ ಕೇಳಲಿಲ್ಲ. ಈ ಮಲೆನಾಡಿನ ಸ್ಮೃತಿಯಲ್ಲಂತೂ ಅವು ಕಿರಿದಲ್ಲ. ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಸೋಲಿಗರ ನೀಲೇಗೌಡ ಅವಳನ್ನು ಬಿಟ್ಟು ಕಾಡಿಗೆ ಹೊರಡುವುದರಿಂದಲೇ ಬೆಳೆಯುತ್ತದೆ. ಬಿಳಿಗಿರಿರಂಗನೂ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಇವರಿಗೆ ಭಾವನಾದವನು. 1990ರ ದಶಕದಲ್ಲಿ ಅಧ್ಯಯನಕಾರರು ಲೆಕ್ಕ ಹಾಕಿದಾಗ, ಬಿಳಿಗಿರಿಯ ಸೋಲಿಗರ ಕೈಗೆ ಬರುವ ದುಡ್ಡಿನಲ್ಲಿ ಸುಮಾರು ಅರ್ಧ ಭಾಗ ಈ ‘ಕಿರು’ ಉತ್ಪನ್ನಗಳಿಂದಲೇ ಬರುತ್ತಿತ್ತು.

1974ರಲ್ಲಿ ಬಿಳಿಗಿರಿ ವನ್ಯಜೀವಿಧಾಮವಾಯಿತು. 1987ರಲ್ಲಿ ಅದು ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಕಾಡಿನ ಒಳಗೆ ಚದುರಿದ್ದ ಪೋಡುಗಳನ್ನು ಎಬ್ಬಿಸಿ ಒಂದೆಡೆ ಕೂಡಿಸಿದರು. ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು. ಉಳಿದದ್ದು ಕಾಯಿ, ಬೇರು, ಜೇನಿನ ಸಂಗ್ರಹಣೆ ಮಾತ್ರ. ಆದಿವಾಸಿಗಳ ವಿವಿಧೋದ್ದೇಶ ಸಹಕಾರ ಸಂಘಗಳಾದ ಲ್ಯಾಂಪ್ಸ್ ಸೊಸೈಟಿಗಳು ಅದನ್ನು ಕೊಳ್ಳುತ್ತಿದ್ದವು. ವೈದ್ಯರಾಗಿ ಬೆಟ್ಟಕ್ಕೆ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಆಸ್ಪತ್ರೆ ಶಾಲೆಗಳ ಜೊತೆಗೆ ಜೇನು, ನೆಲ್ಲಿಗಳನ್ನು ಸಂಸ್ಕರಿಸಿ ಮಾರುವ ಕೆಲಸವನ್ನೂ ಕೈಗೊಂಡಿತು. ಅವರ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಬಿಳಿಗಿರಿಯ ಹೆಸರು ಹೊರದೇಶಗಳಲ್ಲೂ ಕೇಳಿಬಂತು.

ಇದಾದ ಮೇಲೆ ಬಂದದ್ದು ಕಷ್ಟಕಾಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯ ಆಧಾರದ ಮೇಲೆ, ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಏನನ್ನೂ ಸಂಗ್ರಹಿಸಕೂಡದೆಂಬ ನಿಷೇಧ ಬಿಳಿಗಿರಿಯಲ್ಲಿ 2006ರ ಹೊತ್ತಿಗೆ ಪೂರ್ತಿ ಜಾರಿಗೆ ಬಂತು. ವರ್ಷವನ್ನು ಗಮನಿಸಬೇಕು. ಮಾಕಳಿ ಬೇರಿನ ಗುಣವನ್ನು ಮೈಸೂರಿನ ಪ್ರಯೋಗಾಲಯ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಸಾರಿದ್ದೂ ಆ ವರ್ಷವೇ. ಆ ಗುಣವನ್ನು ತಲೆಮಾರುಗಳಿಂದ ಬಲ್ಲವರ ಕೈಯಿಂದ ಗುದ್ದಲಿ ಕಸಿದದ್ದೂ ಆ ವರ್ಷವೇ. ಇಬ್ಬರೂ ಪರಸ್ಪರ ಕೇಡು ಬಯಸಿದವರಲ್ಲ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿರಲೂ ಇಲ್ಲ. ನಮ್ಮ ದೇಶದಲ್ಲಿ ಸಸ್ಯದ ವಿಜ್ಞಾನಕ್ಕೊಂದು ಕಚೇರಿ, ಸಸ್ಯ ಬೆಳೆಯುವ ನೆಲಕ್ಕೊಂದು ಕಚೇರಿ.

ಬೇರೆಡೆ ಬೇರೆ ದಾರಿಗಳನ್ನು ಹುಡುಕಿದವರಿದ್ದಾರೆ. ತಾಯ್ಲೆಂಡ್ 1999ರಲ್ಲಿ ತನ್ನ ಸಾಂಪ್ರದಾಯಿಕ ವೈದ್ಯಜ್ಞಾನದ ರಕ್ಷಣೆಗೆಂದೇ ಒಂದು ಕಾಯ್ದೆ ಮಾಡಿತು. ಅಗಸ್ತ್ಯಮಲೆಯ ಕಾಣಿ ಜನ ದಣಿವಾರಿಸಲು ತಿನ್ನುತ್ತಿದ್ದ ಆರೋಗ್ಯಪಚ್ಚ ಎಂಬ ಗಿಡದಿಂದ ತಿರುವನಂತಪುರದ ಸಂಶೋಧನಾಲಯವೊಂದು ಔಷಧ ತಯಾರಿಸಿ, 1990ರ ದಶಕದಲ್ಲಿ ಬಂದ ಹಣದ ಅರ್ಧವನ್ನು ಕಾಣಿಗಳಿಗೆ ಕೊಡಲು ಒಪ್ಪಿತು. ಆ ಒಪ್ಪಂದದಲ್ಲೂ ತೊಡಕುಗಳಿದ್ದವು. ಆದರೆ ಗಿಡವನ್ನು ತೋರಿಸಿದವರಿಗೆ ಋಣವಿದೆ ಎಂದು ಕಾಗದದ ಮೇಲಾದರೂ ಬರೆದಂತಾಯಿತು.

ಬಿಳಿಗಿರಿಯ ಋಣ ಬೇರೆ ಬಗೆಯದು, ಕಾಡನ್ನು ನೋಡಿಕೊಳ್ಳುವ ಬಗೆಗೆ ಸಂಬಂಧಿಸಿದ್ದು. ನೆಲ್ಲಿ ಮರಗಳು ಕ್ಷೀಣಿಸುತ್ತಿರುವುದಕ್ಕೆ ಸಂಶೋಧಕರು ಮೊದಲು ಅನುಮಾನಿಸಿದ್ದು ಕಾಯಿ ಕೀಳುವುದನ್ನು. ಎಲ್ಲ ಕಾಯಿಗಳೂ ಸಂತೆಗೆ ಹೋದರೆ ಸಸಿ ಹುಟ್ಟುವುದೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸೋಲಿಗರನ್ನು ಕೇಳಿದಾಗ ಅವರು ತೋರಿಸಿದ್ದು ಬೇರೆ ಕಾರಣವನ್ನು. ನೆಲ್ಲಿಯ ಕೊಂಬೆಗಳಿಗೆ ಅಂಟಿ ರಸ ಹೀರುವ ಬದನಿಕೆಯನ್ನು ಅವರು ‘ಉಪ್ಪಿಲು’ ಎನ್ನುತ್ತಾರೆ. ಹಕ್ಕಿಗಳು ಅದರ ಅಂಟುಬೀಜವನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಹಿಂದೆ ವರ್ಷವರ್ಷ ಬೇಸಿಗೆ ಬಿರುಸಾಗುವ ಮುನ್ನ ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದೇ ‘ತರಗು ಬೆಂಕಿ’. ಮೊಣಕಾಲೆತ್ತರಕ್ಕೆ ಹರಿದು ಆರಿಹೋಗುವ ಆ ಬೆಂಕಿಯ ಕಾವು ಹೊಗೆಗಳಿಗೆ ಉಪ್ಪಿಲು ತಡೆಯುತ್ತಿರಲಿಲ್ಲ, ಲಂಟಾನ ಪೊದೆಯೂ ತಲೆಯೆತ್ತುತ್ತಿರಲಿಲ್ಲ. ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು. ಉಪ್ಪಿಲು ಹೆಚ್ಚಿತು, ಲಂಟಾನ ಕಾಡನ್ನೇ ಮುಚ್ಚಿತು. ಈಗ ಬೆಂಕಿ ಬಿದ್ದರೆ ಲಂಟಾನದ ಸೌದೆ ಸಿಕ್ಕಿ ಮರದ ತಲೆಯವರೆಗೂ ಏರುತ್ತದೆ. ಈ ವಿವರಣೆಯನ್ನು ದಾಖಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಉಪ್ಪಿಲು ಮತ್ತು ಲಂಟಾನಗಳ ಹಾವಳಿ ಕಾಯಿ ಕೀಳುವುದಕ್ಕಿಂತ ಕಡಿಮೆಯದೇನಲ್ಲ ಎಂದು ಆಮೇಲಿನ ಅಧ್ಯಯನಗಳೂ ಹೇಳಿದವು. ಸೋಲಿಗರ ಪ್ರತಿಯೊಂದು ಮಾತೂ ಪರೀಕ್ಷೆಗೆ ಒಳಪಡಬೇಕಾದದ್ದೇ. ಆದರೆ ಆ ಪರೀಕ್ಷೆಗೆ ಸರಿಯಾದ ಪ್ರಶ್ನೆಯನ್ನು ಒದಗಿಸಿದವರು ಅವರೇ.

ಮಾಕಳಿಯ ಕಥೆ ನೆಲ್ಲಿಗಿಂತ ಸೂಕ್ಷ್ಮ. ಕಾಯಿ ಕಿತ್ತರೆ ಮರ ಉಳಿಯುತ್ತದೆ, ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಒಂದು ಬುಡದಲ್ಲಿ ಹಲವು ಬೇರುಗಳಿರುತ್ತವೆ. ಕೆಲವನ್ನು ತೆಗೆದು ಉಳಿದವಕ್ಕೆ ಮಣ್ಣು ಮುಚ್ಚಿ ಬಂದರೆ ಬಳ್ಳಿ ಬದುಕಬಲ್ಲದು. ನಾಳೆಯೂ ಅದೇ ಬಂಡೆಯ ಬಳಿಗೆ ಬರಬೇಕಾದವನು ಹಾಗೆ ಮಾಡಿಯಾನು. ನಾಳೆ ತನಗೆ ಆ ಕಾಡಿನಲ್ಲಿ ಜಾಗವಿದೆಯೋ ಇಲ್ಲವೋ ಎಂದು ತಿಳಿಯದವನು, ಅಥವಾ ಗುತ್ತಿಗೆದಾರನ ಮೂಟೆ ತುಂಬಿಸಲು ಬಂದ ಕೂಲಿಯವನು ಯಾಕೆ ಬಿಟ್ಟಾನು? ಸೊಗದೆ ಬೇರಿನ ಬದಲಿಗೆ ಆಯುರ್ವೇದದ ಅಂಗಡಿಗಳಿಗೆ, ರಾಯಲಸೀಮೆಯ ನನ್ನಾರಿ ಶರಬತ್ತಿಗೆ, ಉಪ್ಪಿನಕಾಯಿಗೆ ಎಂದು ಮಾಕಳಿಗೆ ಎಲ್ಲ ದಿಕ್ಕುಗಳಿಂದಲೂ ಗಿರಾಕಿ. ಪ್ರಯೋಗಾಲಯದ ಹೊಗಳಿಕೆ ಅದಕ್ಕೆ ಇನ್ನಷ್ಟು ಸೇರಿಸಿತು. ಈ ಗಿಡ ಈಗ ಅಳಿವಿನ ಭೀತಿಯಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ. ಬಂಡೆಸಂದಿಯ ಗಿಡವನ್ನು ಸೀಸೆಯೊಳಗೆ ಅಂಗಾಂಶ ಕೃಷಿಯಿಂದ ಬೆಳೆಸುವ ವಿಧಾನವನ್ನು ಇದೇ ಸಿ.ಎಫ್.ಟಿ.ಆರ್.ಐ.ನಲ್ಲಿ ಜಿ.ಎ. ರವಿಶಂಕರ್ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲೇ ರೂಪಿಸಿದರು. ಆದರೆ ಸೀಸೆಯ ಸಸಿ ಹೊಲಕ್ಕೆ ಇಳಿದು, ಬೇರು ಬಲಿತು, ಸಂತೆಗೆ ಬರಲು ವರ್ಷಗಳು ಬೇಕು. ಅಷ್ಟರವರೆಗೆ ಕಾಯುವ ರೈತ ಯಾರು?

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2011ರ ಆರಂಭದಲ್ಲಿ ಬಿಳಿಗಿರಿ ಹುಲಿ ರಕ್ಷಿತಾರಣ್ಯವೆಂದು ಘೋಷಣೆಯಾದಾಗ ಸೋಲಿಗರು ಮತ್ತೆ ಎತ್ತಂಗಡಿಯಾಗುವ ಭಯದಲ್ಲಿದ್ದರು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ಸಿಕ್ಕವು. ದೇಶದ ಹುಲಿ ರಕ್ಷಿತಾರಣ್ಯಗಳ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ಅದೇ ಮೊದಲು. ಜೇನು, ನೆಲ್ಲಿ, ಬೇರುಗಳನ್ನು ಸಂಗ್ರಹಿಸಿ ಮಾರಲು, ಕಾಡನ್ನು ಕಾಯಲು ಕಾಯ್ದೆ ಗ್ರಾಮಸಭೆಗೇ ಅಧಿಕಾರ ಕೊಡುತ್ತದೆ. ಯಾವ ಗುಡ್ಡದಲ್ಲಿ ಮಾಕಳಿಯನ್ನು ಎಷ್ಟು ವರ್ಷ ಮುಟ್ಟಬಾರದು ಎಂದು ಕೂತು ತೀರ್ಮಾನಿಸುವ ಅವಕಾಶ ಅದರಲ್ಲಿದೆ. ತರಗು ಬೆಂಕಿಯ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ಹಕ್ಕುಪತ್ರ ಹಿಡಿದ ಸೋಲಿಗನೇ ಆಗಲಿ, ಲಂಟಾನದ ಬುಡಕ್ಕೆ ಕಡ್ಡಿ ಗೀರಿದರೆ ಅರಣ್ಯ ಕಾನೂನಿನ ಕಣ್ಣಿಗೆ ಅವನು ಇಂದಿಗೂ ಅಪರಾಧಿಯೇ.